ಹುಣಸೆ ಬೀಜದಷ್ಟು

ಮಳೆಗಾಲ ಮುಗಿದ ಮೇಲೆ ಪುಸ್ತಕಗಳನ್ನು ಬಿಸಿಲಿಗೆ ಹಾಕುವುದು ನಮ್ಮ ಮನೆಯ ಪದ್ಧತಿ. ಈ ಸಲ ಹಾಗೆ ತೆಗೆಯುವಾಗ ಪುಸ್ತಕಗಳ ಹಿಂದಿನಿಂದ ಹಲ್ಲುಪುಡಿಯ ಒಂದು ಹಳೆಯ ಡಬ್ಬಿ ಉರುಳಿ ಬಿತ್ತು. ಮುಚ್ಚಳ ಹಾರಿ ಒಳಗಿದ್ದದ್ದೆಲ್ಲ ಜಗಲಿಯ ಮೇಲೆ ಚೆಲ್ಲಿತು. ಒಂದು ಗುಲಗಂಜಿ, ಒಂದು ಕಡಲೆ, ಒಂದು ಗೇರುಬೀಜ, ಒಂದು ಅಡಿಕೆ. ಹೆಕ್ಕಿ ಎಣಿಸಿದೆ. ನಾಲ್ಕು. ಇರಬೇಕಾದದ್ದು ಐದು. ಐದನೆಯದು ಎಲ್ಲಿ ಹೋಯಿತೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ಎಣಿಸಿದೆ. ಎಣಿಸುವುದು ನನ್ನ ಚಟ.

ಈ ಚಟ ಯಾವಾಗ ಹತ್ತಿತೆಂದು ಹೇಳಲಾರೆ. ಅದನ್ನು ಬರೆದಿಟ್ಟುಕೊಳ್ಳುವಷ್ಟು ಬುದ್ಧಿ ಆಗ ಇರಲಿಲ್ಲ. ಹೊಳನಗದ್ದೆಯಿಂದ ಕುಮಟೆಯ ಶಾಲೆಗೆ ನಡೆದು ಹೋಗುವಾಗ ದಾರಿಯ ತೆಂಗಿನ ಮರಗಳನ್ನು ಎಣಿಸುತ್ತಿದ್ದೆ. ಹೋಗುವಾಗಿನ ಲೆಕ್ಕಕ್ಕೂ ಬರುವಾಗಿನ ಲೆಕ್ಕಕ್ಕೂ ಒಂದು ದಿನವೂ ತಾಳೆಯಾಗಲಿಲ್ಲ. ಸಂಜೆ ಹಸಿದಿರುತ್ತೀಯಲ್ಲ, ಅದಕ್ಕೇ ನಾಲ್ಕು ಮರ ನುಂಗಿರುತ್ತೀ ಎಂದು ಅಪ್ಪ ಕಾರಣ ಕೊಟ್ಟಿದ್ದ. ಮುಂದೆ ನಾನು ಮುಲ್ಕಿ ಪರೀಕ್ಷೆ ಪಾಸಾಗಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಲು ಸೇರಿದಾಗ, ಮಾಮಲೇದಾರ ಕಚೇರಿಯಲ್ಲಿ ಕಾರಕೂನನಾಗಿದ್ದ ಅದೇ ಅಪ್ಪ ನನಗೊಂದು ಡೈರಿ ತಂದುಕೊಟ್ಟ. ಹಿಂದಿನ ವರ್ಷ ಯಾರೂ ಬರೆಯದೆ ಉಳಿದದ್ದು. ತಾರೀಖು ಸರಿ, ವಾರಗಳೆಲ್ಲ ಒಂದೊಂದು ದಿನ ಹಿಂದೆ. ನಾನು ಎರಡು ದಿನ ಕೂತು ಮುನ್ನೂರ ಅರವತ್ತೈದು ಪುಟಗಳಲ್ಲೂ ವಾರ ತಿದ್ದಿದೆ. ಅದನ್ನು ನೋಡಿದಂದಿನಿಂದ ಅಪ್ಪ ನನ್ನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ‘ಶಾನಭೋಗ್ರೇ’ ಎನ್ನತೊಡಗಿದ.

ಶಾನಭೋಗರ ದಫ್ತರದಲ್ಲಿ ಏನೇನಿತ್ತು ಎಂದರೆ ನೀವು ನಗುತ್ತೀರಿ. ಅಪ್ಪ ಕನ್ನಡಕ ಕಳೆದುಕೊಂಡದ್ದು ಎಷ್ಟು ಸಲ, ಅದರಲ್ಲಿ ಕನ್ನಡಕ ಹಣೆಯ ಮೇಲೇ ಇದ್ದದ್ದು ಎಷ್ಟು ಸಲ. ಯುದ್ಧ ಮುಗಿದರೂ ಇದ್ದಿಲ ಗ್ಯಾಸನ್ನು ಬಿಡದ ಹೊನ್ನಾವರದ ಬಸ್ಸನ್ನು ಪ್ರಯಾಣಿಕರು ಇಳಿದು ದೂಡಿದ್ದು ಎಷ್ಟು ಸಲ. ಮಧ್ಯಾಹ್ನದ ಚೆನ್ನೆಮಣೆ ಆಟದಲ್ಲಿ ಅಜ್ಜಿ ಗೆದ್ದದ್ದೆಷ್ಟು, ಆಯಿ ಗೆದ್ದದ್ದೆಷ್ಟು. ಅಜ್ಜಿ ಎಂದರೆ ಅಪ್ಪನ ತಾಯಿ. ಆಯಿ ನನ್ನ ತಾಯಿ. ಅತ್ತೆ ಸೊಸೆ ಬೇರೆಲ್ಲೂ ಎದುರುಬದುರು ಕೂತದ್ದು ನಾನು ಕಾಣೆ. ಚೆನ್ನೆಮಣೆಗೆ ಮಾತ್ರ ಕೂರುತ್ತಿದ್ದರು. ತಿಂಗಳಲ್ಲಿ ಇಪ್ಪತ್ತು ಆಟವಾದರೆ ಹದಿನೇಳು ಅಜ್ಜಿಯದು. ಉಳಿದ ಮೂರರಲ್ಲಿ ಅಜ್ಜಿಗೆ ತಲೆನೋವಿರುತ್ತಿತ್ತು.

ಈ ವರ್ಷ ಶಿವರಾತ್ರಿಯ ಹೊತ್ತಿಗೆ, ಒಂದು ಶುಕ್ರವಾರ ತಲೆಮಿಂದು ಕೂದಲು ಒರೆಸಿಕೊಳ್ಳುವಾಗ ಆಯಿಯ ಬೆರಳಿಗೆ ಎಡದವಡೆಯ ಕೆಳಗೆ ಒಂದು ಗಂಟು ಸಿಕ್ಕಿತು. ನೋವಿರಲಿಲ್ಲ. ನೋವಿಲ್ಲದ್ದರಿಂದ ಒಂದು ತಿಂಗಳು ಯಾರಿಗೂ ಹೇಳಲಿಲ್ಲ. ಯುಗಾದಿಯ ನಂತರ ಅಪ್ಪ, ಆಯಿ, ನಾನು ಮೂವರೂ ಹೊನ್ನಾವರದ ಡಾಕ್ಟರಲ್ಲಿಗೆ ಹೋದೆವು. ಬಸ್ಸು ಎರಡು ಸಲ ದೂಡಿಸಿಕೊಂಡಿತು.

ಡಾಕ್ಟರು ಮಿತಭಾಷಿ. ಮೂರು ಸಂಗತಿಗಳಲ್ಲಿ ಯಾವುದಾದರೂ ಇರಬಹುದು ಎಂದರು. ಹುಳುಕು ಹಲ್ಲಿನಿಂದ ಬಂದ ಬಾವು ಒಂದು, ಗಂಡಮಾಲೆ ಎಂಬ ಕುತ್ತಿಗೆಯ ಕ್ಷಯ ಇನ್ನೊಂದು. ಮೂರನೆಯದನ್ನು ಅಪ್ಪನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು. ಆಯಿಗೆ ಇಂಗ್ಲಿಷು ಬಾರದು. ಆದರೆ ಅಪ್ಪನ ಮುಖ ಓದಲು ಯಾವ ಪರೀಕ್ಷೆಯೂ ಪಾಸಾಗಬೇಕಿರಲಿಲ್ಲ. ಗಂಟು ಬೆಳೆಯುತ್ತಿದೆಯೇ ಎಂದು ಕೇಳಿದ್ದಕ್ಕೆ ಆಯಿ ‘ಸ್ವಲ್ಪ’ ಎಂದಳು, ಅಪ್ಪ ಅದೇ ಉಸಿರಿನಲ್ಲಿ ‘ಏನೂ ಇಲ್ಲ’ ಎಂದ. ಡಾಕ್ಟರು ರೇಗಿ, ಸ್ವಲ್ಪ ಎಂದರೆ ಎಷ್ಟು, ಯಾವುದಕ್ಕಾದರೂ ಹೋಲಿಸಿ ವಾರಕ್ಕೊಮ್ಮೆ ಬರೆದಿಡಿ ಎಂದರು. ಬರೆದಿಡಿ ಎಂಬ ಮಾತನ್ನು ವೈದ್ಯರೊಬ್ಬರು ಹೇಳಿದ್ದು ಕೇಳಿ ನನಗೆ ಆ ಸ್ಥಳದಲ್ಲಿ ಹುಟ್ಟಬಾರದಂಥ ಸಂತೋಷ ಹುಟ್ಟಿತು. ಅದನ್ನು ಡೈರಿಯಲ್ಲಿ ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ಚರ್ಮದ ಕೆಳಗಿನ ಗಂಟನ್ನು ಪಟ್ಟಿ ಹಿಡಿದು ಅಳೆಯಲಾಗದು. ಉಪಾಯ ಹೇಳಿದವಳು ಆಯಿಯೇ. ಸೊನಗಾರರು ಬಂಗಾರ ತೂಗಲು ಗುಲಗಂಜಿ ಇಡುವುದಿಲ್ಲವೇ, ಹಾಗೆ ಬೀಜ ಇಟ್ಟು ನೋಡು ಎಂದಳು. ನಾನು ಐದು ಆರಿಸಿದೆ: ಗುಲಗಂಜಿ, ಕಡಲೆ, ಅಡಿಗೆಮನೆಯ ಹುಣಸೆಯಿಂದ ಕಿತ್ತ ಒಂದು ಬೀಜ, ಗೇರುಬೀಜ, ಅಡಿಕೆ. ಡೈರಿಯ ಕೊನೆಯ ಪುಟದಲ್ಲಿ ಒಂದೊಂದನ್ನೂ ಇಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಹೆಸರು ಬರೆದೆ. ಮಗಳೊಬ್ಬಳು ಇಂಥ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಇದಲ್ಲವೆಂದು ನನಗೂ ತೋರಿತು. ಆದರೆ ಅಳುವುದು ಅಪ್ಪನ ಪಾಲಿಗೆ ಹೋಗಿತ್ತು. ಅವನು ಸ್ನಾನದ ಮನೆಯಲ್ಲಿ ಹಂಡೆಗೆ ನೀರು ಬಿಡುವಾಗ ಅಳುತ್ತಿದ್ದ. ಆ ತಿಂಗಳು ಹಂಡೆ ಯಾವಾಗಲೂ ತುಂಬಿರುತ್ತಿತ್ತು.

ಶುಕ್ರವಾರ ಶಾಲೆ ಬಿಟ್ಟು ಬರುವ ಹೊತ್ತಿಗೆ ಆಯಿ ಕೂದಲು ಹರಡಿಕೊಂಡು ಜಗಲಿಯಲ್ಲಿ ಕೂತಿರುತ್ತಿದ್ದಳು. ನಾನು ಕಣ್ಣು ಮುಚ್ಚಿ ಬಲಗೈ ಬೆರಳನ್ನು ಗಂಟಿನ ಮೇಲೂ ಎಡಗೈ ಬೆರಳನ್ನು ಬೀಜದ ಮೇಲೂ ಇಟ್ಟು ಹೋಲಿಸುತ್ತಿದ್ದೆ. ಹೋಲಿಸಲು ಎಲ್ಲರಿಗೂ ಅವಕಾಶವಿತ್ತು. ಅಪ್ಪ ಯಾವಾಗಲೂ ಒಂದು ಅಳತೆ ಕಡಿಮೆ ಹೇಳುತ್ತಿದ್ದ. ನಾನು ಹುಣಸೆ ಬೀಜ ಎಂದರೆ ಅವನಿಗದು ಕಡಲೆ. ಅಜ್ಜಿ ಒಂದು ಅಳತೆ ಹೆಚ್ಚು. ಅವಳು ಬೀಜವನ್ನು ಮುಟ್ಟುತ್ತಲೂ ಇರಲಿಲ್ಲ. ಸೊಸೆಯ ದವಡೆಗೆ ಬೆರಳಿಟ್ಟು ‘ದೊಡ್ಡದಾಗಿದೆ’ ಎಂದು ಹೇಳಿ ಎದ್ದು ಹೋಗುತ್ತಿದ್ದಳು. ಇಬ್ಬರದನ್ನೂ ನಾನು ಪುಟದ ಅಂಚಿನಲ್ಲಿ ಬರೆದು, ಇವರು ಮನಸ್ಸಿನಿಂದ ಅಳೆಯುವವರು, ಬೆರಳಿನಿಂದ ಅಳೆಯುವವಳು ನಾನೊಬ್ಬಳೇ ಎಂದುಕೊಳ್ಳುತ್ತಿದ್ದೆ. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ ಆ ಶಬ್ದವನ್ನು ನಮ್ಮ ಮನೆಯಲ್ಲಿ ಈವರೆಗೆ ಬಾಯಿಬಿಟ್ಟು ಆಡಿದ್ದು ಮೂರು ಸಲ. ಮೂರು ಸಲವೂ ಅಜ್ಜಿಯೇ, ಮೂರು ಸಲವೂ ಬೇರೆಬೇರೆ ಉಚ್ಚಾರದಲ್ಲಿ.

ವೈಶಾಖದ ಕೊನೆಗೆ ಗಂಟು ಕಡಲೆಯಿಂದ ಹುಣಸೆ ಬೀಜಕ್ಕೆ ಬಂತು. ಡಾಕ್ಟರು ಅದರಿಂದ ಒಂದು ಚೂರು ಕತ್ತರಿಸಿ, ಸ್ಪಿರಿಟ್ಟು ತುಂಬಿದ ಬಾಟಲಿಯಲ್ಲಿಟ್ಟು, ಮುಂಬೈಗೆ ಕಳಿಸಿ ನೋಡಿಸಿದರೆ ಮೂರರಲ್ಲಿ ಯಾವುದೆಂದು ತಿಳಿಯುತ್ತದೆ ಎಂದರು. ಟಪಾಲಿನಲ್ಲಿ ಒಡೆದೀತು, ಹೋಗುವವರ ಕೈಯಲ್ಲಿ ಕೊಡಿ ಎಂದೂ ಹೇಳಿದರು. ಹೋಗುವವನು ನಮ್ಮಲ್ಲೇ ಇದ್ದ. ಆಯಿಯ ತಮ್ಮ ಮಂಜುಮಾವ.

ಆಯಿಯ ತವರು ಕಾಯ್ಕಿಣಿ. ಮಾವ ಭಟ್ಕಳದಲ್ಲಿ ಒಬ್ಬ ಸಾಹುಕಾರರ ಜವಳಿ ಅಂಗಡಿಯಲ್ಲಿ ಗುಮಾಸ್ತ. ಅರಿವೆ ತರಲು ವರ್ಷಕ್ಕೆ ಮೂರು ಸಲ ಆಗಬೋಟಿನಲ್ಲಿ, ಅಂದರೆ ಉಗಿಹಡಗಿನಲ್ಲಿ, ಮುಂಬೈಗೆ ಹೋಗುತ್ತಿದ್ದ. ಭಟ್ಕಳದಲ್ಲಿ ನವಾಯತಿ, ಬೋಟಿನಲ್ಲಿ ಕೊಂಕಣಿ, ಮುಂಬೈಯಲ್ಲಿ ಮರಾಠಿ ಆಡಿ, ನಮ್ಮ ಮನೆಗೆ ಬಂದಾಗ ಮೂರನ್ನೂ ಕಲಸಿ ಬಡಿಸುತ್ತಿದ್ದ. ತಾನು ಮುಟ್ಟಿದ ಕೆಲಸ ಕೆಡುವುದಿಲ್ಲವೆಂದು ಅವನ ನಂಬಿಕೆ. ನನ್ನ ಡೈರಿ ಆ ನಂಬಿಕೆಗೆ ಒತ್ತಾಸೆ ಕೊಡುವುದಿಲ್ಲ, ಆದರೆ ಯಾರೂ ಡೈರಿಯನ್ನು ಕೇಳಲಿಲ್ಲ. ಮಳೆಗಾಲಕ್ಕೆ ಮೊದಲಿನ ಕೊನೆಯ ಬೋಟಿಗೆ ಮಾವ ಹೊನ್ನಾವರದ ಬಂದರಿನಿಂದ ದೋಣಿಯಲ್ಲಿ ಹೋಗಿ ಹತ್ತಿದ. ಒಂದು ಕೈಯಲ್ಲಿ ಡಾಕ್ಟರ ಬಾಟಲಿ. ಇನ್ನೊಂದು ಕೈಯಲ್ಲಿ, ಅವನು ಇಳಿದುಕೊಳ್ಳುವ ಗಿರಗಾವಿಯ ನಂಟರ ಮನೆಗೆಂದು ಆಯಿ ಕೊಟ್ಟ ಮಿಡಿ ಉಪ್ಪಿನಕಾಯಿಯ ಜಾಡಿ.

ಇಲ್ಲಿ ಆಯಿಯ ಮಿಡಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮಾವಿನ ಮಿಡಿಯನ್ನು ಅವಳು ತೊಟ್ಟು ಮುರಿಯದೆ ಆರಿಸಿ, ಹರಳುಪ್ಪಿನಲ್ಲಿ ಹಾಕಿ, ಅದು ಸುಕ್ಕುಗಟ್ಟಿ ಬಿಟ್ಟ ನೀರನ್ನು ಕಾಸಿ ಆರಿಸಿ ಮತ್ತೆ ಅದರ ಮೇಲೇ ಹೊಯ್ಯುತ್ತಿದ್ದಳು. ಭರಣಿಯ ಬಾಯಿಗೆ ಬಟ್ಟೆ ಕಟ್ಟುವಾಗ ಅವಳ ಹತ್ತಿರ ಮಾತಾಡುವಂತಿಲ್ಲ. ಮೂರನೆಯ ವರ್ಷದ ಮಿಡಿಯನ್ನು ಕಚ್ಚಿದರೂ ಕಟ್ ಎನ್ನುತ್ತಿತ್ತು. ಕೇರಿಯಲ್ಲಿ ಯಾರ ಮನೆಯ ಮಿಡಿ ಮೆತ್ತಗಾದರೂ ಒಂದು ಸೌಟು ಉಪ್ಪುನೀರಿಗಾಗಿ ನಮ್ಮ ಮನೆಗೆ ಬರುತ್ತಿದ್ದರು. ಆ ನೀರಿನಲ್ಲಿ ಬಿದ್ದದ್ದು ಕೆಡುವುದಿಲ್ಲ ಎಂಬುದು ಕುಮಟೆಯಿಂದ ಕಾಯ್ಕಿಣಿಯವರೆಗೆ ತಿಳಿದ ಸಂಗತಿ.

ಮೂರು ವಾರದ ಮೇಲೆ, ಮಳೆ ಹಿಡಿದ ನಂತರ, ಮುಂಬೈಯಿಂದ ಟಪಾಲು ಬಂತು. ಅಪ್ಪ ಅದನ್ನು ಮೂರು ಸಲ ಓದಿದ. ಕಳಿಸಿದ ಚೂರು ಕೆಟ್ಟುಹೋಗಿದೆ, ಪರೀಕ್ಷೆಗೆ ಯೋಗ್ಯವಾಗಿಲ್ಲ, ಮತ್ತೊಂದನ್ನು ಕಳಿಸಿ ಎಂದಿತ್ತು. ಅಪ್ಪ ಡಾಕ್ಟರನ್ನು ಬೈದ, ಮುಂಬೈಯವರನ್ನು ಬೈದ. ಎಂಟು ದಿನ ಬಿಟ್ಟು ಮಂಜುಮಾವ ಬಂದಾಗ ಅದೇ ಪತ್ರವನ್ನು ಅವನಿಗೂ ಓದಿ ಹೇಳಿದ. ಮಾವ ಈ ಸಲ ಭಾಷೆಗಳನ್ನು ಕಲಸಲಿಲ್ಲ. ನೆಲ ನೋಡುತ್ತ ಹೇಳಿದ:

“ಭಾವ, ಅಳಿವೆಯಲ್ಲಿ ದೋಣಿ ಹಾರ್ತು. ಬಾಟ್ಲಿ ಬಿರಡೆ ಸಡ್ಲಾಗಿ ಸ್ಪಿರಿಟ್ ಎಲ್ಲಾ ನನ್ನ ಕೋಟಿಗೆ ಹೋತು. ಬೋಟಿನಲ್ಲಿ ಎಲ್ಲಿಂದ ತರೂದು? ಜಾಡಿಯಿಂದ ಉಪ್ಪುನೀರು ಹೊಯ್ದು ತುಂಬ್ಸಿದೆ. ಅಕ್ಕನ ಮಿಡಿ ಮೂರು ವರ್ಷ ತಡೀತದೆ, ಇದು ಮೂರು ದಿನ ತಡೂದಿಲ್ವಾ ಅಂತ ಮಾಡ್ದೆ.”

ಅಪ್ಪ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಬಾಗಿಲ ಸಂದಿಯಲ್ಲಿ ನಿಂತಿದ್ದ ಆಯಿ ಮುಂದೆ ಬಂದಳು.

“ನನ್ನ ಉಪ್ಪುನೀರಲ್ಲಿ ಕೆಟ್ಟೋತು ಅಂತ ಬರ್ದಿದ್ರಾ?”

ಹಾಗೆಂದು ಬರೆದಿಲ್ಲ, ಕೆಟ್ಟಿದೆ ಎಂದಷ್ಟೇ ಬರೆದಿದ್ದಾರೆ ಎಂದು ಅಪ್ಪ ಹೇಳಿದ. ಆಯಿ ತಮ್ಮನ ಕಡೆ ತಿರುಗಿದಳು.

“ಜಾಡಿಯಲ್ಲಿದ್ದ ಮಿಡಿ ಎಂತ ಆಗಿತ್ತಾ?”

“ಮಿಡಿ ಲಾಯ್ಕಿತ್ತು, ಅಕ್ಕಾ.”

“ಹಂಗಾರೆ ನೀರಿಂದು ತಪ್ಪಲ್ಲ,” ಎಂದು ಅವಳು ಚಹಾ ಮಾಡಲು ಒಳಗೆ ಹೋದಳು. ಮಾವ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಡಿಗೆಮನೆಯಿಂದ ಬಂದ ಸಪ್ಪಳ ನಗುವೆಂದು ನನಗೆ ಅನ್ನಿಸಿತು. ಖಾತ್ರಿಯಿಲ್ಲದ್ದರಿಂದ ಡೈರಿಯಲ್ಲಿ ಅದರ ಮುಂದೆ ಪ್ರಶ್ನಾರ್ಥಕ ಹಾಕಿದ್ದೇನೆ.

ಮತ್ತೊಂದು ಚೂರು ಕತ್ತರಿಸಿಕೊಳ್ಳಲು ಆಯಿ ಒಪ್ಪಲಿಲ್ಲ. ಒಂದು ಸಲ ಕೊಟ್ಟಾಯಿತು, ಇನ್ನು ಅದರ ಪಾಡಿಗೆ ಅದನ್ನು ಬಿಡಿ ಎಂದಳು. ಡಾಕ್ಟರು ಅವಳಿಗೆ ಹೇಳಿ ಸೋತರು. ಕೊನೆಗೆ ಅಪ್ಪನೂ ಅವಳೂ ಒಂದು ಕರಾರಿಗೆ ಬಂದರು. ಗಂಟು ಹುಣಸೆ ಬೀಜದಷ್ಟೇ ಇರುವವರೆಗೆ ಸುಮ್ಮನಿರುವುದು. ಹುಣಸೆ ಬೀಜ ದಾಟಿದರೆ ಮಾತಿಲ್ಲದೆ ಮತ್ತೆ ಹೊನ್ನಾವರಕ್ಕೆ. ದಾಟಿತೋ ಇಲ್ಲವೋ ಎಂದು ಹೇಳಬೇಕಾದವಳು ನಾನು. ಮನೆಯವರೆಲ್ಲ ನನ್ನ ಚಟವನ್ನು ಗೌರವದಿಂದ ಕಂಡದ್ದು ಅದೇ ಮೊದಲು.

ಆಷಾಢ ಕಳೆಯಿತು, ಶ್ರಾವಣ ಕಳೆಯಿತು. ಶುಕ್ರವಾರ ಆಯಿ ಡಬ್ಬಿ ತಂದು ಮುಂದಿಡುವಳು, ನಾನು ಕಣ್ಣು ಮುಚ್ಚಿ ಹೋಲಿಸಿ ‘ಹುಣಸೆ ಬೀಜ. ಹಾಗೇ ಇದೆ’ ಎಂದು ಬರೆಯುವೆ. ಅಪ್ಪ ಕಚೇರಿಯಿಂದ ಬಂದವನೇ ಕೊಡೆ ಮಡಿಸುವ ಮೊದಲು ‘ಶಾನಭೋಗ್ರೇ, ಎಂತ?’ ಎಂದು ಕೇಳುವ. ಹಾಗೇ ಇದೆ ಎಂದರೆ ಕೊಡೆ ಮಡಿಸಿ ಮೂಲೆಗಿಡುವ. ಅಂಚಿನಲ್ಲಿ ಅಜ್ಜಿಯ ‘ದೊಡ್ಡದಾಗಿದೆ’ ಮಾತ್ರ ವಾರವಾರವೂ ಸೇರುತ್ತಿತ್ತು. ಹೀಗೆ ಒಂಬತ್ತು ಶುಕ್ರವಾರ.

ಚೌತಿಗೆ ಐದು ದಿನವಿರುವಾಗ ಚೆನ್ನೆಮಣೆಯಲ್ಲಿ ಜಗಳ ಹತ್ತಿತು. ಚೆನ್ನೆಮಣೆಗೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಬೀಜ. ನಮ್ಮ ಮನೆಯವು ಹುಣಸೆ ಬೀಜಗಳು. ಅಜ್ಜಿ ಮದುವೆಯಾಗಿ ಬರುವಾಗ ದಪ್ಪದಪ್ಪನೆಯವನ್ನು ಆರಿಸಿ ತಂದಿದ್ದು, ಐವತ್ತು ವರ್ಷ ಕೈಯಲ್ಲಿ ತಿರುಗಿ ಕನ್ನಡಿಯಂತೆ ಹೊಳೆಯುತ್ತಿದ್ದವು. ಮೂರು ದಿನದಿಂದ ಕೊನೆಯ ಗುಳಿಗೆ ಮೂರೇ ಬರುತ್ತದೆ, ಇವಳು ಸೋಲಲಾರದೆ ಒಂದನ್ನು ಕದ್ದಿದ್ದಾಳೆ ಎಂದು ಅಜ್ಜಿಯ ದೂರು. ನಿಮ್ಮ ಕೈಯಿಂದಲೇ ಎಲ್ಲೋ ಉರುಳಿರಬೇಕು ಎಂದು ಆಯಿ. ತೀರ್ಪಿಗೆ ನನ್ನನ್ನು ಕರೆದರು. ಎಣಿಸಿದೆ. ಐವತ್ತೈದು. ನನಗೆ ಕಾಣೆಯಾದ ಬೀಜದ ಮೇಲೆ ಕನಿಕರವೇನೂ ಇರಲಿಲ್ಲ, ಆದರೆ ತಾಳೆಯಾಗದ ಲೆಕ್ಕ ಬಿಟ್ಟು ಊಟ ಸೇರದು. ಚಾಪೆ ಕೊಡವಿದೆ, ಗೂಡು ತಡಕಿದೆ. ಎಲ್ಲೂ ಇಲ್ಲದ್ದಕ್ಕೆ, ಸದ್ಯಕ್ಕೆ ನನ್ನ ಡಬ್ಬಿಯದನ್ನೇ ಕೊಟ್ಟರಾಯಿತೆಂದು ಮುಚ್ಚಳ ತೆಗೆದೆ.

ಡಬ್ಬಿಯ ಹುಣಸೆ ಬೀಜ ಹೊಳೆಯುತ್ತಿತ್ತು.

ನಾನು ಇಟ್ಟದ್ದು ಅಡಿಗೆಮನೆಯ ಹೊಸ ಬೀಜ, ಮಂಕು ಬಣ್ಣದ್ದು. ಇಷ್ಟು ದಿನ ಕಣ್ಣು ಮುಚ್ಚಿ ಅಳೆಯುತ್ತಿದ್ದವಳಿಗೆ ಅದು ಕಾಣುವುದಾದರೂ ಹೇಗೆ? ಡೈರಿಯ ಕೊನೆಯ ಪುಟ ಬಿಡಿಸಿ, ಹುಣಸೆ ಬೀಜವೆಂದು ಬರೆದ ಗೆರೆಯೊಳಗೆ ಅದನ್ನಿಟ್ಟೆ. ಗೆರೆ ಸುತ್ತಲೂ ಮುಚ್ಚಿಹೋಯಿತು.

ಆಯಿ ಹಿತ್ತಲ ಕಡೆಯ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಪುಟವನ್ನೂ ಬೀಜವನ್ನೂ ಅವಳ ಗೆರಸಿಯ ಪಕ್ಕದಲ್ಲಿಟ್ಟೆ. ನೋಡಿ, ಒಂದು ಕಲ್ಲು ಆರಿಸಿ ಎಸೆದು ಹೇಳಿದಳು:

“ಅದೂ ಹುಣಸೆ ಬೀಜವೇ ಅಲ್ವನೇ? ನಾ ಅಡಿಕೆ ಇಟ್ಟಿದ್ನ?”

ಅವಳು ಇನ್ನೆರಡು ಕಲ್ಲು ಎಸೆದಳು.

“ನೀ ಹಾಗೇ ಅದೆ ಅಂತ ಬರ್ದ ದಿನ ನಿಮ್ಮಪ್ಪ ಎರಡು ತುತ್ತು ಜಾಸ್ತಿ ಉಣ್ತಾರೆ. ಅದನ್ನ ಬರ್ಕಂಡಿದ್ಯ ಎಲ್ಲಾದ್ರೂ?”

ಬರೆದುಕೊಂಡಿರಲಿಲ್ಲ. ಎಷ್ಟು ದಿನವಾಯಿತು ಬದಲಿಸಿ ಎಂದು ಕೇಳಿದೆ. ನಾಗರಪಂಚಮಿಯ ಹಿಂದಿನ ಶುಕ್ರವಾರ, ಆ ದಿನವೇ ದಾಟಿತ್ತು ಎಂದಳು. ಹೊಸ ಬೀಜವನ್ನು ಒಲೆಗೆ ಹಾಕಿದಳಂತೆ. ಚೆನ್ನೆಮಣೆಯಲ್ಲಿ ಅಷ್ಟು ದಿನ ಸೀತಾಫಲದ ಬೀಜವೋ ಏನೋ ಸೇರಿಸಿ ಅಜ್ಜಿಯ ಕಣ್ಣು ತಪ್ಪಿಸಿದ್ದಳಂತೆ, ಅದೂ ಮೂರು ದಿನದ ಹಿಂದೆ ಕಳೆದುಹೋಯಿತಂತೆ. ಚೌತಿ ಮುಗಿಯಲಿ ಎಂದಳು. ಚೌತಿ ಮುಗಿಯಿತು. ಅಪ್ಪನಿಗೆ ಅವಳೇ ಹೇಳಿದಳು. ನಾನು ಕೊನೆಯ ಐದು ಶುಕ್ರವಾರಗಳ ಮೇಲೆ ಗೆರೆ ಹೊಡೆದು ‘ಅಳತೆ ತಪ್ಪು’ ಎಂದು ಬರೆದೆ. ಅಂಚಿನಲ್ಲಿದ್ದ ಅಜ್ಜಿಯ ಮಾತಿಗೆ ಗೆರೆ ಹೊಡೆಯುವ ಕಾರಣ ಸಿಗಲಿಲ್ಲ. ಗಂಟಿನ ಲೆಕ್ಕದಲ್ಲೂ ಕಳ್ಳತನದ ಲೆಕ್ಕದಲ್ಲೂ ಇಡೀ ಮನೆಯಲ್ಲಿ ಸರಿಯಾಗಿದ್ದವಳು ಅವಳೊಬ್ಬಳೇ.

ಈ ಸಲ ಡಾಕ್ಟರು ಗಂಟನ್ನು ಪೂರ್ತಿ ತೆಗೆದರು. ಐದು ಹೊಲಿಗೆ. ಮತ್ತೆ ಬಾಟಲಿ, ಮತ್ತೆ ಸ್ಪಿರಿಟ್ಟು. ಅಷ್ಟರಲ್ಲಿ ಆಗಬೋಟು ಶುರುವಾಗಿತ್ತು. ಯಾರ ಕೈಯಲ್ಲಿ ಕಳಿಸುವುದೆಂದು ಅಪ್ಪ ಕಚೇರಿಯಲ್ಲಿ ನಾಲ್ಕು ಜನರನ್ನು ವಿಚಾರಿಸುತ್ತಿರುವಾಗಲೇ ಮಂಜುಮಾವ ಭಟ್ಕಳದಿಂದ ಬಂದು ಜಗಲಿಯ ತುದಿಯಲ್ಲಿ ಕೂತಿದ್ದ. ಕೇಳುವ ಧೈರ್ಯ ಅವನಿಗಿರಲಿಲ್ಲ. ಆಯಿ ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡೇ ಬಾಟಲಿಯನ್ನು ತಾನೇ ತೆಗೆದುಕೊಂಡಳು. ಬಿರಡೆಯ ಮೇಲೆ ಮೇಣ ಸುರಿದು, ಎರಡು ಪದರ ಬಟ್ಟೆ ಹಾಕಿ, ಭರಣಿಗೆ ಕಟ್ಟುವಂತೆ ಹುರಿ ಬಿಗಿದಳು. ಯಾರೂ ಮಾತಾಡಲಿಲ್ಲ. ಕಟ್ಟಿ ಮುಗಿಸಿ ತಮ್ಮನ ಕೈಯಲ್ಲಿಟ್ಟಳು.

“ತಗಾ. ಈ ಸಲ ಉಪ್ಪಿನಕಾಯಿ ಕೊಡೂದಿಲ್ಲ.”

ಮಾವ ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ. ಬಾಟಲಿ ತುಂಬಿದಂತೆಯೇ ಮುಟ್ಟಿದೆಯೆಂದು ಅವನ ಕಾರ್ಡು ಬಂದಿದೆ. ಮುಂಬೈಯವರ ಉತ್ತರ ಬಂದಿಲ್ಲ. ಅಪ್ಪ ಕಚೇರಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಟಪಾಲು ಕಚೇರಿಗೆ ಹೋಗುತ್ತಾನೆ. ಶುಕ್ರವಾರ ಆಯಿ ಅಭ್ಯಾಸಬಲದಿಂದ ಜಗಲಿಯಲ್ಲಿ ಕೂರುತ್ತಾಳೆ. ಅಳೆಯಲು ಏನೂ ಇಲ್ಲ. ಹೊಳೆಯುವ ಬೀಜ ಚೆನ್ನೆಮಣೆಗೆ ಮರಳಿದೆ. ಅಜ್ಜಿ ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ, ಯಾರನ್ನೂ ಏನೂ ಕೇಳದೆ ಗುಳಿಗೆ ಹಾಕಿದಳು.

ಹೊಲಿಗೆ ಬಿಚ್ಚಿದ ಮೇಲೆ ಆಟ ಮತ್ತೆ ಶುರುವಾಯಿತು. ನಾನು ಎಂದಿನಂತೆ ಬರೆದುಕೊಂಡೆ. ಮೊದಲ ದಿನ ಆಯಿ ಗೆದ್ದಳು. ಎರಡನೆಯ ದಿನವೂ. ಮೂರು, ನಾಲ್ಕು, ಐದು, ಆರು. ಅಜ್ಜಿಗೆ ತಲೆನೋವಿರಲಿಲ್ಲ. ನಿನ್ನೆ ನಾನು ಶಾಲೆಯಿಂದ ಬಂದಾಗ ನಡೆಯುತ್ತಿದ್ದ ಏಳನೆಯ ಆಟದಲ್ಲಿ, ಎದುರಿನ ಗುಳಿಯ ಹನ್ನೊಂದು ಬೀಜ ಅಜ್ಜಿಯ ಕೈಗೆ ಬರುವಂತಿತ್ತು. ಅವಳು ಅದನ್ನು ಬಿಟ್ಟು ಪಕ್ಕದ ಗುಳಿಯಿಂದ ಆಡಿದಳು. ಈಗೀಗ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದು ಗೊಣಗಿದಳು. ಆಯಿ ತನ್ನ ಸರದಿ ಆಡದೆ ಕೈ ಹಿಂದೆ ತೆಗೆದುಕೊಂಡಳು.

“ಅತ್ತೆ, ನೀವು ಹಿಂಗೆ ಸೋಲ್ತಾ ಹೋದ್ರೆ ನಂಗೆ ಹೆದರ್ಕೆ ಆಗ್ತದೆ. ಸಮಾ ಆಡಿ.”

ಅಜ್ಜಿ ಬೀಜಗಳನ್ನೆಲ್ಲ ಬಾಚಿ, ಗುಳಿಗೆ ನಾಲ್ಕರಂತೆ ಮೊದಲಿನಿಂದ ಹಾಕಿದಳು. ಐವತ್ತಾರು. ಅಪ್ಪ ಟಪಾಲು ಕಚೇರಿಯಿಂದ ಬರಿಗೈಯಲ್ಲಿ ಬಂದು ಕೊಡೆ ಮೂಲೆಗಿಡುವಷ್ಟರಲ್ಲಿ ಆಯಿಯ ಕಡೆಯ ಏಳು ಗುಳಿಗಳೂ ಬರಿದಾಗಿದ್ದವು.

“ಬರ್ಕೊಳ್ಳೆ,” ಎಂದಳು ಅಜ್ಜಿ ನನಗೆ.

ಬರೆದುಕೊಂಡೆ. ಬುಧವಾರ. ಮುಂಬೈ ಪತ್ರವಿಲ್ಲ. ಅಜ್ಜಿ ಗೆದ್ದಳು.